ಅದೃಶ್ಯ ಅಲೆಗಳ ಅನ್ವೇಷಕ ಜಗದೀಶಚಂದ್ರ ಬೋಸ್

ಅಂಗೈಯಲ್ಲಿ ಹಿಡಿಯುವ ದೂರವಾಣಿ, ಮನೆಯ ಮೂಲೆಯಲ್ಲಿ ಹಾಡುವ ರೇಡಿಯೋ, ಆಕಾಶದಲ್ಲಿ ಸುತ್ತುವ ಸಂಪರ್ಕ ಉಪಗ್ರಹ ಇವೆಲ್ಲ ಇಂದು ನಮಗೆ ನಿತ್ಯಪರಿಚಿತವಾದ ವಸ್ತುಗಳು. ನೋಟಕ್ಕೆ ಇವು ಬೇರೆ ಬೇರೆಯಾಗಿದ್ದರೂ ಇವುಗಳ ಒಳಗಿನ ಮರ್ಮ ಒಂದೇ. ಕಣ್ಣಿಗೆ ಕಾಣದ ವಿದ್ಯುತ್ಕಾಂತೀಯ ಅಲೆಗಳು ಸುದ್ದಿಯನ್ನು ಹೊತ್ತು ತರುತ್ತವೆ. ಆ ಅಲೆಗಳನ್ನು ಹಿಡಿದು ಅರ್ಥವಾಗುವಂತೆ ಮಾಡುವ ಕೆಲಸವನ್ನು ಅರೆವಾಹಕವೆಂಬ ವಸ್ತುವಿನಿಂದ ಮಾಡಿದ ಪುಟ್ಟ ಪುಟ್ಟ ಬಿಡಿಭಾಗಗಳು ನಿರ್ವಹಿಸುತ್ತವೆ. ಅಲೆ ಮತ್ತು ಹರಳು, ಇವೆರಡರ ಸಂಬಂಧವನ್ನು ಮೊಟ್ಟಮೊದಲು ಕಂಡುಕೊಂಡವರು ಯಾವುದೋ ಶ್ರೀಮಂತ ದೇಶದ ದೊಡ್ಡ ಪ್ರಯೋಗಶಾಲೆಯವರಲ್ಲ. ಪರರ ಆಳ್ವಿಕೆಗೆ ಒಳಪಟ್ಟಿದ್ದ ಭಾರತದಲ್ಲಿ, ಕಲ್ಕತ್ತೆಯ ಕಾಲೇಜೊಂದರ ಇಕ್ಕಟ್ಟಾದ ಕೋಣೆಯಲ್ಲಿ, ಊರಿನ ತಗಡಿನ ಕೆಲಸಗಾರನ ನೆರವಿನಿಂದ ಉಪಕರಣಗಳನ್ನು ಮಾಡಿಸಿಕೊಂಡು ದುಡಿದ ಒಬ್ಬ ಅಧ್ಯಾಪಕರು. ಅವರೇ ಆಚಾರ್ಯ ಜಗದೀಶಚಂದ್ರ ಬೋಸರು.

ಜಗದೀಶಚಂದ್ರರು 1858ರ ನವೆಂಬರ್ 30ರಂದು ಇಂದಿನ ಬಾಂಗ್ಲಾದೇಶಕ್ಕೆ ಸೇರಿದ ಮೈಮನ್‌ಸಿಂಗ್‌ನಲ್ಲಿ ಜನಿಸಿದರು. ತಂದೆ ಭಗವಾನಚಂದ್ರ ಬೋಸರು ಸರಕಾರದ ಡೆಪ್ಯುಟಿ ಮ್ಯಾಜಿಸ್ಟ್ರೇಟರು. ಬ್ರಹ್ಮಸಮಾಜದ ಹಿರಿಯರಲ್ಲಿ ಒಬ್ಬರು. ತಾಯಿ ಬಾಮಾಸುಂದರೀದೇವಿಯವರು. ಅಂದಿನ ಕಾಲದಲ್ಲಿ ಅಧಿಕಾರಿಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದೇ ಗೌರವದ ಲಕ್ಷಣವಾಗಿತ್ತು. ಆದರೆ ಭಗವಾನಚಂದ್ರರು ಮಗನನ್ನು ಹಳ್ಳಿಯ ಬಂಗಾಳಿ ಶಾಲೆಗೆ ಸೇರಿಸಿದರು. ಮಗು ಮೊದಲು ತನ್ನ ಭಾಷೆಯನ್ನೂ ತನ್ನ ಜನರನ್ನೂ ಅರಿಯಬೇಕು, ಅನಂತರವೇ ಪರಭಾಷೆ ಎಂಬುದು ಅವರ ನಿಶ್ಚಿತ ಅಭಿಪ್ರಾಯವಾಗಿತ್ತು. ಆ ಶಾಲೆಯಲ್ಲಿ ಬಾಲಕನ ಒಂದು ಪಕ್ಕದಲ್ಲಿ ಅವರ ಮನೆಯ ಮುಸಲ್ಮಾನ ಸೇವಕನ ಮಗ ಕೂರುತ್ತಿದ್ದ. ಇನ್ನೊಂದು ಪಕ್ಕದಲ್ಲಿ ಬೆಸ್ತರ ಹುಡುಗ. ಅವರು ಹೇಳುತ್ತಿದ್ದ ಮೀನು, ಹಕ್ಕಿ, ಗಿಡಮರಗಳ ಕಥೆಗಳನ್ನು ಜಗದೀಶನು ಬೆರಗಿನಿಂದ ಕೇಳುತ್ತಿದ್ದ. ಗೆಳೆಯರನ್ನು ಮನೆಗೆ ಕರೆತಂದರೆ ತಾಯಿ ಭೇದವೆಣಿಸದೆ ಎಲ್ಲರಿಗೂ ಉಣಬಡಿಸುತ್ತಿದ್ದರು. ಬಾಲಕನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಕರೆದೊಯ್ಯುತ್ತಿದ್ದವನು ಒಂದು ಕಾಲದ ದರೋಡೆಕೋರ. ಭಗವಾನಚಂದ್ರರಿಂದಲೇ ಸೆರೆವಾಸದ ಶಿಕ್ಷೆ ಪಡೆದಿದ್ದ ಅವನು ಬಿಡುಗಡೆಯಾದ ಮೇಲೆ ಬದುಕಿಗೆ ದಾರಿ ಕಾಣದೆ ಅವರಲ್ಲಿಗೇ ಬಂದಾಗ, ಅವರು ಅವನಿಗೆ ತಮ್ಮ ಮನೆಯಲ್ಲಿಯೇ ಕೆಲಸ ಕೊಟ್ಟಿದ್ದರು. ಇಂತಹ ಮನೆಯಲ್ಲಿ ಬೆಳೆದ ಬಾಲಕನಿಗೆ ಮಹಾಭಾರತದ ವೀರರಲ್ಲಿ ಎಲ್ಲರಿಗಿಂತ ಮಿಗಿಲಾಗಿ ಪ್ರಿಯನಾದವನು ಕರ್ಣ. ಹುಟ್ಟಿನ ಕಾರಣದಿಂದ ಅವಮಾನಕ್ಕೆ ಗುರಿಯಾದರೂ ಎದೆಗುಂದದ, ಕೇಳಿದವರಿಗೆ ಇಲ್ಲವೆನ್ನದ ಆ ವೀರನ ಚಿತ್ರ ಅವರ ಮನಸ್ಸಿನಲ್ಲಿ ಆಳವಾಗಿ ನೆಲೆಸಿತು.

ಮುಂದೆ ಕಲ್ಕತ್ತೆಯ ಹೇರ್ ಶಾಲೆ, ಸೇಂಟ್ ಜೇವಿಯರ್ ಶಾಲೆ ಮತ್ತು ಕಾಲೇಜುಗಳಲ್ಲಿ ಜಗದೀಶಚಂದ್ರರ ವಿದ್ಯಾಭ್ಯಾಸ ನಡೆಯಿತು. ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದ ಫಾದರ್ ಲಫೋಂ ಅವರು ಪ್ರತಿಯೊಂದು ತತ್ತ್ವವನ್ನೂ ಪ್ರಯೋಗದ ಮೂಲಕ ತೋರಿಸಿಕೊಡುವುದರಲ್ಲಿ ನಿಪುಣರು. ಉಪಕರಣಗಳ ಮೇಲಿನ ಒಲವು ಶಿಷ್ಯನಿಗೆ ಬಂದದ್ದು ಈ ಗುರುವಿನಿಂದಲೇ. 1880ರಲ್ಲಿ ಜಗದೀಶಚಂದ್ರರು ವೈದ್ಯಶಾಸ್ತ್ರವನ್ನು ಓದಲು ಇಂಗ್ಲೆಂಡಿಗೆ ತೆರಳಿದರು. ಆದರೆ ಜ್ವರದ ಬಾಧೆ ಅವರನ್ನು ಬಿಡದೆ ಕಾಡಿದುದರಿಂದ ಆ ಓದನ್ನು ಕೈಬಿಡಬೇಕಾಯಿತು. ಕೇಂಬ್ರಿಜ್‌ನ ಕ್ರೈಸ್ಟ್ ಕಾಲೇಜಿಗೆ ಸೇರಿ ಅವರು ನಿಸರ್ಗವಿಜ್ಞಾನಗಳನ್ನು ಅಭ್ಯಾಸಮಾಡಿದರು. ಅಲ್ಲಿ ಅವರಿಗೆ ಗುರುಗಳಾದವರಲ್ಲಿ ಲಾರ್ಡ್ ರ‍್ಯಾಲೆ ಪ್ರಮುಖರು. 1884ರಲ್ಲಿ ಕೇಂಬ್ರಿಜ್ ಮತ್ತು ಲಂಡನ್ ವಿಶ್ವವಿದ್ಯಾಲಯಗಳ ಪದವಿಗಳೆರಡನ್ನೂ ಪಡೆದು ಅವರು ಸ್ವದೇಶಕ್ಕೆ ಮರಳಿದರು.

1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬೋಸರು ಭೌತವಿಜ್ಞಾನದ ಅಧ್ಯಾಪಕರಾದರು. ಭಾರತೀಯರು ವಿಜ್ಞಾನವನ್ನು ಬೋಧಿಸಲು ಸಮರ್ಥರಲ್ಲವೆಂಬ ಭಾವನೆ ಆಗಿನ ವಿದ್ಯಾಧಿಕಾರಿಗಳಲ್ಲಿ ಬೇರೂರಿತ್ತು. ಐರೋಪ್ಯ ಅಧ್ಯಾಪಕರಿಗೆ ಸಲ್ಲುವ ಸಂಬಳದ ಮೂರನೆಯ ಎರಡು ಭಾಗ ಮಾತ್ರ ಭಾರತೀಯರಿಗೆ ದೊರೆಯುತ್ತಿತ್ತು. ಬೋಸರ ನೇಮಕ ತಾತ್ಕಾಲಿಕವೆಂಬ ಕಾರಣದಿಂದ ಅದರಲ್ಲಿಯೂ ಅರ್ಧವನ್ನು ಕಡಿಮೆಮಾಡಲಾಯಿತು. ಅಂದರೆ ಸಮಾನವಾದ ದುಡಿಮೆಗೆ ಮೂರನೆಯ ಒಂದು ಭಾಗದಷ್ಟು ಸಂಬಳ. ಬೋಸರು ಜಗಳಕ್ಕೆ ನಿಲ್ಲಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ಆಗ ಅವರ ಮನೆಯ ಸ್ಥಿತಿ ಚೆನ್ನಾಗಿರಲಿಲ್ಲ. ಜನರ ಹಿತಕ್ಕಾಗಿ ಹಲವು ಉದ್ಯಮಗಳಿಗೆ ಕೈಹಾಕಿ ತಂದೆಯವರು ಸಾಲದಲ್ಲಿ ಮುಳುಗಿದ್ದರು. ಅಂತಹ ಸಮಯದಲ್ಲಿಯೂ ಬೋಸರು ಮೂರು ವರ್ಷಗಳ ಕಾಲ ಒಂದು ಕಾಸನ್ನೂ ಪಡೆಯದೆ ಶ್ರದ್ಧೆಯಿಂದ ಪಾಠ ಹೇಳಿದರು. ಕಡೆಗೆ ಅಧಿಕಾರಿಗಳು ಅವರ ಯೋಗ್ಯತೆಯನ್ನು ಒಪ್ಪಿ, ಹಿಂದಿನ ದಿನಾಂಕದಿಂದಲೇ ನೇಮಕವನ್ನು ಕಾಯಂಗೊಳಿಸಿ, ಮೂರು ವರ್ಷಗಳ ಪೂರ್ಣ ಸಂಬಳವನ್ನು ಒಟ್ಟಿಗೆ ಕೊಟ್ಟರು. ಆ ಹಣ ತಂದೆಯ ಸಾಲವನ್ನು ತೀರಿಸಲು ವಿನಿಯೋಗವಾಯಿತು. ಈ ಕಷ್ಟದ ದಿನಗಳಲ್ಲಿ, 1887ರಲ್ಲಿ, ಅವರ ಕೈಹಿಡಿದವರು ಅಬಲಾದೇವಿಯವರು. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲದಿದ್ದ ಆ ಕಾಲದಲ್ಲಿ ಮದರಾಸಿಗೆ ಬಂದು ವೈದ್ಯಶಾಸ್ತ್ರವನ್ನು ಓದಿದ್ದ ಧೀರೆ ಅವರು. ಮುಂದೆ ಸ್ತ್ರೀಶಿಕ್ಷಣಕ್ಕಾಗಿ ಅವರು ಮಾಡಿದ ಸೇವೆ ಬಂಗಾಳದಲ್ಲಿ ಹೆಸರಾಯಿತು.

ಬೋಸರ ಸಂಶೋಧನೆಯ ಹಿನ್ನೆಲೆಯನ್ನು ಇಲ್ಲಿ ತಿಳಿಯುವುದು ಅವಶ್ಯಕ. ಬೆಳಕು ಒಂದು ಬಗೆಯ ವಿದ್ಯುತ್ಕಾಂತೀಯ ಅಲೆಯೆಂದೂ, ಕಣ್ಣಿಗೆ ಕಾಣದ ಬೇರೆ ಅಲೆಗಳೂ ಇರಬೇಕೆಂದೂ ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ ಗಣಿತದ ಬಲದಿಂದ ಊಹಿಸಿದ್ದರು. ಜರ್ಮನಿಯ ಹರ್ಟ್ಸ್ 1888ರ ಹೊತ್ತಿಗೆ ಅಂತಹ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸಿ ತೋರಿಸಿದರು. ಅಲೆಯ ಒಂದು ಏರಿನಿಂದ ಮುಂದಿನ ಏರಿಗೆ ಇರುವ ಅಂತರಕ್ಕೆ ತರಂಗದೂರವೆಂದು ಹೆಸರು. ಹರ್ಟ್ಸ್ ಪಡೆದ ಅಲೆಗಳ ತರಂಗದೂರ ಬಹು ದೊಡ್ಡದು. ಅವುಗಳನ್ನು ಪರೀಕ್ಷಿಸಲು ಬೇಕಾದ ಸಲಕರಣೆಗಳೂ ದೊಡ್ಡವು. 1894ರ ಜನವರಿ 1ರಂದು ಹರ್ಟ್ಸ್ ಅಕಾಲಿಕವಾಗಿ ಮರಣ ಹೊಂದಿದರು. ಅವರ ಕೆಲಸವನ್ನು ಕುರಿತು ಇಂಗ್ಲೆಂಡಿನ ಆಲಿವರ್ ಲಾಡ್ಜ್ ಬರೆದುದನ್ನು ಓದಿದ ಬೋಸರಿಗೆ ಹೊಸ ದಾರಿಯೊಂದು ಹೊಳೆಯಿತು. ಆ ವರ್ಷ ತಮ್ಮ ಮೂವತ್ತಾರನೆಯ ಹುಟ್ಟುಹಬ್ಬದಂದು ಅವರು ಉಳಿದ ಬಾಳನ್ನು ಸಂಶೋಧನೆಗೆ ಮುಡಿಪಾಗಿಡುವ ಸಂಕಲ್ಪ ಮಾಡಿದರು.

ಸಂಕಲ್ಪವಿದ್ದಿತೇ ಹೊರತು ಸೌಕರ್ಯವಿರಲಿಲ್ಲ. ಕಾಲೇಜಿನಲ್ಲಿ ಸಂಶೋಧನೆಗೆಂದು ಪ್ರಯೋಗಶಾಲೆಯೇ ಇರಲಿಲ್ಲ. ಸ್ನಾನದ ಕೋಣೆಗೆ ಹೊಂದಿಕೊಂಡಿದ್ದ ಸಣ್ಣ ಜಾಗವೊಂದನ್ನು ಬೋಸರು ತಮ್ಮ ಪ್ರಯೋಗಕ್ಕೆ ಸಿದ್ಧಗೊಳಿಸಿಕೊಂಡರು. ದಿನವೆಲ್ಲ ಪಾಠ, ಉಳಿದ ಹೊತ್ತಿನಲ್ಲಿ ಪ್ರಯೋಗ. ಖರ್ಚು ಅವರ ಕೈಯಿಂದಲೇ. ಚಿಕ್ಕ ಜಾಗದಲ್ಲಿ ದೊಡ್ಡ ಸಲಕರಣೆಗಳಿಗೆ ಎಡೆಯಿಲ್ಲ. ಅಲೆಯೇ ಚಿಕ್ಕದಾದರೆ ಸಲಕರಣೆಯೂ ಚಿಕ್ಕದಾಗುತ್ತದೆ. ಚಿಕ್ಕ ಅಲೆಯಿಂದ ಇನ್ನೊಂದು ಪ್ರಯೋಜನವೂ ಉಂಟು. ತರಂಗದೂರ ಕಡಿಮೆಯಾದಷ್ಟೂ ಅಲೆಯ ನಡತೆ ಬೆಳಕಿನ ನಡತೆಯನ್ನು ಹೆಚ್ಚು ಸ್ಪಷ್ಟವಾಗಿ ಹೋಲುತ್ತದೆ. ಆದುದರಿಂದ ಬೋಸರು ಪ್ಲಾಟಿನಮ್ ಲೋಹದ ಪುಟ್ಟ ಗುಂಡುಗಳ ನಡುವೆ ಕಿಡಿ ಹಾರಿಸಿ, ಸುಮಾರು 5 ಮಿಲಿಮೀಟರಿನಿಂದ 25 ಮಿಲಿಮೀಟರಿನವರೆಗಿನ ತರಂಗದೂರವುಳ್ಳ ಅಲೆಗಳನ್ನು ಪಡೆದರು. 5 ಮಿಲಿಮೀಟರ್ ಅಲೆ ಎಂದರೆ ಸೆಕೆಂಡಿಗೆ ಸುಮಾರು 6,000 ಕೋಟಿ ಕಂಪನಗಳು. ಅಷ್ಟು ಸೂಕ್ಷ್ಮವಾದ ವಿದ್ಯುತ್ ಅಲೆಗಳ ಮೇಲೆ ಅದುವರೆಗೆ ಯಾರೂ ಅಷ್ಟು ವಿಸ್ತಾರವಾಗಿ ಪ್ರಯೋಗ ನಡೆಸಿರಲಿಲ್ಲ.

ಈ ಅಲೆಗಳು ಬೆಳಕಿನಂತೆಯೇ ಪ್ರತಿಫಲಿಸುತ್ತವೆ, ವಕ್ರೀಭವನ ಹೊಂದುತ್ತವೆ, ಧ್ರುವೀಕರಣಕ್ಕೆ ಒಳಗಾಗುತ್ತವೆ ಎಂಬುದನ್ನು ಬೋಸರು ಒಂದೊಂದಾಗಿ ಸಿದ್ಧಪಡಿಸಿದರು. ಅದಕ್ಕಾಗಿ ಅವರು ಬಳಸಿದ ವಸ್ತುಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಗಾಜಿನ ಪಟ್ಟಕದ ಬದಲು ಗಂಧಕದ ಪಟ್ಟಕ. ಬೆಳಕಿನ ಧ್ರುವೀಕರಣಕ್ಕೆ ಬೇಕಾಗುವ ಬೆಲೆಬಾಳುವ ಹರಳುಗಳ ಬದಲು ರೈಲ್ವೆ ವೇಳಾಪಟ್ಟಿಯ ದಪ್ಪ ಪುಸ್ತಕ. ಅದರ ಹಾಳೆಗಳ ನಡುವೆ ತವರದ ತೆಳುತಗಡುಗಳು. ಅಲೆಯ ಕಂಪನತಲವನ್ನು ತಿರುಗಿಸಲು ಹುರಿಹೊಸೆದ ಸೆಣಬಿನ ನಾರು. ಅಲೆಗಳನ್ನು ದಾರಿತಪ್ಪದಂತೆ ಒಯ್ಯಲು ಲೋಹದ ಕೊಳವೆ. ಹರಡಿದ ಅಲೆಗಳನ್ನು ಒಟ್ಟುಗೂಡಿಸಲು ಲೋಹದ ಆಲಿಕೆ. ಈ ಕೊಳವೆ ಮತ್ತು ಆಲಿಕೆಗಳ ತತ್ತ್ವವನ್ನೇ ಮುಂದಿನ ಕಾಲದ ರೇಡಾರ್ ಯಂತ್ರಗಳಲ್ಲಿಯೂ ಉಪಗ್ರಹ ಸಂಪರ್ಕದಲ್ಲಿಯೂ ಬಳಸಲಾಯಿತು.

1895ರಲ್ಲಿ ಬೋಸರು ಕಲ್ಕತ್ತೆಯ ಪುರಭವನದಲ್ಲಿ ಸಾರ್ವಜನಿಕರೆದುರು ಪ್ರಯೋಗವೊಂದನ್ನು ತೋರಿಸಿದರು. ಒಂದು ಕಡೆ ಹುಟ್ಟಿದ ಅಲೆಗಳು ನಡುವಿನ ಗೋಡೆಗಳನ್ನು ಹಾದು ಸುಮಾರು 75 ಅಡಿ ದೂರದ ಕೋಣೆಯನ್ನು ತಲುಪಿ, ಅಲ್ಲಿ ಗಂಟೆಯನ್ನು ಬಾರಿಸಿದವು, ಪಿಸ್ತೂಲನ್ನು ಹಾರಿಸಿದವು. ತಂತಿಯಿಲ್ಲ, ಕೈಯಿಲ್ಲ, ಆದರೂ ದೂರದಲ್ಲಿ ಕೆಲಸ ನಡೆಯಿತು. ಅದೇ ವರ್ಷ ಅವರ ಮೊದಲ ಪ್ರಬಂಧ ಬಂಗಾಳದ ಏಷಿಯಾಟಿಕ್ ಸೊಸೈಟಿಯಲ್ಲಿ ಮಂಡಿತವಾಯಿತು. ಗುರು ರ‍್ಯಾಲೆಯವರ ಮೂಲಕ ಮತ್ತೊಂದು ಪ್ರಬಂಧ ಲಂಡನ್ನಿನ ರಾಯಲ್ ಸೊಸೈಟಿಯನ್ನು ಮುಟ್ಟಿತು. 1896ರಲ್ಲಿ ಲಂಡನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರ್ ಪದವಿಯನ್ನು ನೀಡಿತು. 1897ರ ಜನವರಿ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ, ಕಲ್ಕತ್ತೆಯಿಂದ ಕೊಂಡೊಯ್ದ ಪುಟ್ಟ ಉಪಕರಣವನ್ನು ಮೇಜಿನ ಮೇಲಿಟ್ಟು ಅವರು ಉಪನ್ಯಾಸ ಮಾಡಿದಾಗ ಅಲ್ಲಿಯ ಹಿರಿಯ ವಿಜ್ಞಾನಿಗಳು ಅವರ ಜಾಣ್ಮೆಗೆ ತಲೆದೂಗಿದರು.

ಅಲೆಯನ್ನು ಹುಟ್ಟಿಸುವುದು ಒಂದು ಕಷ್ಟವಾದರೆ, ಅದು ಬಂದು ತಲುಪಿತೆಂದು ತಿಳಿಯುವುದು ಅದಕ್ಕಿಂತ ದೊಡ್ಡ ಕಷ್ಟ. ಆ ಕಾಲದಲ್ಲಿ ಇದಕ್ಕಾಗಿ ಲೋಹದ ಅರದ ಪುಡಿ ತುಂಬಿದ ಗಾಜಿನ ನಳಿಕೆಯನ್ನು ಬಳಸುತ್ತಿದ್ದರು. ಅಲೆ ತಾಗಿದೊಡನೆ ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ತಿಗೆ ದಾರಿ ಬಿಡುತ್ತಿದ್ದವು. ಆದರೆ ಮತ್ತೊಂದು ಅಲೆಯನ್ನು ಅರಿಯಬೇಕಾದರೆ ನಳಿಕೆಯನ್ನು ತಟ್ಟಿ ಕಣಗಳನ್ನು ಬಿಡಿಸಬೇಕಾಗಿತ್ತು. ಬೋಸರು ಪುಡಿಯ ಬದಲು ಸಾಲಾಗಿ ಜೋಡಿಸಿದ ಸಣ್ಣ ಸುರುಳಿ ತಂತಿಗಳನ್ನು ಬಳಸಿ ನೋಡಿದರು. ಬಂಗಾಳದ ತೇವದ ಹವೆಗೆ ಲೋಹದ ಮೈ ಕೆಡುತ್ತಿತ್ತು. ಅದಕ್ಕೂ ಪರಿಹಾರ ಹುಡುಕಿದರು. 1899ರಲ್ಲಿ ಅವರು ಕಬ್ಬಿಣ ಮತ್ತು ಪಾದರಸಗಳ ಸ್ಪರ್ಶದಿಂದ ಕೆಲಸ ಮಾಡುವ ಶೋಧಕವೊಂದನ್ನು ರಾಯಲ್ ಸೊಸೈಟಿಗೆ ವಿವರಿಸಿದರು. ಇದನ್ನು ತಟ್ಟಬೇಕಾದ ಅಗತ್ಯವಿರಲಿಲ್ಲ. ಸಂಕೇತವನ್ನು ದೂರವಾಣಿಯ ಶ್ರವಣಿಯಲ್ಲಿ ಕಿವಿಯಿಂದಲೇ ಕೇಳಬಹುದಾಗಿತ್ತು. 1901ರ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ಸಂಕೇತವನ್ನು ಕೇಳಲು ಉಪಯೋಗಿಸಿದ್ದು ಇದೇ ಬಗೆಯ ಪಾದರಸದ ಶೋಧಕವೆಂದು 1998ರಲ್ಲಿ ಪ್ರಕಟವಾದ ಪ್ರಬಂಧವೊಂದು ವಾದಿಸಿತು. ಆದರೆ ಇಷ್ಟರಿಂದಲೇ ರೇಡಿಯೋವನ್ನು ಬೋಸರೊಬ್ಬರೇ ಕಂಡುಹಿಡಿದರೆಂದು ಹೇಳುವುದು ಸರಿಯಲ್ಲ. ಬೋಸರ ಅಲೆಗಳು ಚಿಕ್ಕವು; ಅಂದಿನ ಸಾಧನಗಳಿಂದ ಅವುಗಳನ್ನು ಬಹುದೂರಕ್ಕೆ ಕಳುಹಿಸುವಂತಿರಲಿಲ್ಲ. ದೀರ್ಘವಾದ ಅಲೆಗಳಿಂದ ಸಾಗರದಾಚೆಗೆ ಸುದ್ದಿ ಕಳುಹಿಸುವ ಏರ್ಪಾಡನ್ನು ಕಟ್ಟಿದ ಶ್ರೇಯಸ್ಸು ಮಾರ್ಕೋನಿಯದೇ. ಒಂದು ಮಹಾಶೋಧನೆಯ ಹಿಂದೆ ಅನೇಕರ ದುಡಿಮೆ ಇರುತ್ತದೆ.

ಬೋಸರ ಅತ್ಯಂತ ದೂರದರ್ಶಿಯಾದ ಶೋಧನೆ ಇನ್ನೊಂದು. ಸೀಸದ ಅದಿರಾದ ಗೆಲೀನಾ ಎಂಬ ಹೊಳೆಯುವ ಹರಳಿಗೆ ಲೋಹದ ಮೊನೆಯನ್ನು ತಾಗಿಸಿದಾಗ ಆ ಸ್ಪರ್ಶಬಿಂದು ವಿದ್ಯುತ್ ಅಲೆಗಳನ್ನು ಅರಿಯಬಲ್ಲದೆಂದು ಅವರು ಕಂಡರು. ಸಾಮಾನ್ಯ ಲೋಹದ ತಂತಿಯಲ್ಲಿ ವಿದ್ಯುತ್ತಿನ ಒತ್ತಡವನ್ನು ಇಮ್ಮಡಿಸಿದರೆ ಪ್ರವಾಹವೂ ಇಮ್ಮಡಿಯಾಗುತ್ತದೆ. ಹರಳಿನ ಸ್ಪರ್ಶದಲ್ಲಿ ಹಾಗಲ್ಲ. ಒತ್ತಡ ಒಂದು ಮಿತಿಯನ್ನು ಮುಟ್ಟುವವರೆಗೆ ಪ್ರವಾಹ ಬಹಳ ಅಲ್ಪ. ಮಿತಿ ಮೀರಿದೊಡನೆ ಅದು ಭರದಿಂದ ಹೆಚ್ಚುತ್ತದೆ. ಈ ಏರಿಕೆಯನ್ನು ಬೋಸರು ಅಳೆದು ನಕ್ಷೆಯಲ್ಲಿ ಗುರುತಿಸಿದರು. ಅಲೆ ಹಾದುಹೋದ ಮೇಲೆ ಹರಳು ತಾನಾಗಿಯೇ ಮೊದಲಿನ ಸ್ಥಿತಿಗೆ ಮರಳುತ್ತಿತ್ತು. ಅಷ್ಟೇ ಅಲ್ಲ, ಅದೇ ಹರಳು ಕಣ್ಣಿಗೆ ಕಾಣುವ ಬೆಳಕಿಗೂ ಸ್ಪಂದಿಸುತ್ತಿತ್ತು. ಲೋಹಗಳಂತೆ ವಿದ್ಯುತ್ತನ್ನು ಧಾರಾಳವಾಗಿ ಹರಿಯಬಿಡದ, ಗಾಜಿನಂತೆ ಪೂರ್ತಿಯಾಗಿ ತಡೆಯದ ಇಂತಹ ವಸ್ತುಗಳಿಗೆ ಇಂದು ಅರೆವಾಹಕಗಳೆಂದು ಹೆಸರು. ಡಯೋಡ್, ದ್ಯುತಿಕೋಶ ಮುಂತಾದ ಇಂದಿನ ಬಿಡಿಭಾಗಗಳ ಗುಣವನ್ನು ಬೋಸರು ಅದಿರಿನ ತುಣುಕೊಂದರಲ್ಲಿ ಕಂಡಿದ್ದರು.

ಈ ಶೋಧನೆಯಿಂದ ಅಪಾರ ಹಣವನ್ನು ಗಳಿಸುವ ಅವಕಾಶ ಬೋಸರಿಗೆ ಒದಗಿತ್ತು. 1901ರಲ್ಲಿ ಅವರು ಲಂಡನ್ನಿನಲ್ಲಿದ್ದಾಗ ತಂತಿಸಂಸ್ಥೆಯೊಂದರ ಒಡೆಯರು ಅವರನ್ನು ಕಂಡು, ಶೋಧನೆಯ ಗುಟ್ಟನ್ನು ಬಹಿರಂಗಪಡಿಸಬಾರದೆಂದೂ, ಅದಕ್ಕೆ ಪೇಟೆಂಟ್ ಪಡೆದು ಲಾಭವನ್ನು ಹಂಚಿಕೊಳ್ಳಬಹುದೆಂದೂ ಒತ್ತಾಯಿಸಿದರು. ಪೇಟೆಂಟ್ ಎಂದರೆ ಒಂದು ಶೋಧನೆಯನ್ನು ಬಳಸುವ ಅಧಿಕಾರವನ್ನು ನಿಗದಿಯಾದ ಕಾಲದವರೆಗೆ ಶೋಧಕನೊಬ್ಬನಿಗೇ ಮೀಸಲಿಡುವ ಹಕ್ಕುಪತ್ರ. ಬೋಸರು ಒಪ್ಪಲಿಲ್ಲ. ಹಣದ ಸುಳಿಯಲ್ಲಿ ಒಮ್ಮೆ ಸಿಕ್ಕಿದರೆ ಹೊರಬರುವುದು ದುಸ್ತರವೆಂದು ಅವರು ಮಿತ್ರರಾದ ರವೀಂದ್ರನಾಥ ಠಾಕೂರರಿಗೆ ಬರೆದು ತಿಳಿಸಿದರು. ಜ್ಞಾನವು ಎಲ್ಲರ ಸ್ವತ್ತು, ಅದಕ್ಕೆ ಬೇಲಿ ಹಾಕಬಾರದು ಎಂಬುದು ಅವರ ನಂಬಿಕೆ.

ಆದರೆ ಹಿತೈಷಿಗಳ ಚಿಂತೆ ಬೇರೆಯಾಗಿತ್ತು. ಹಕ್ಕನ್ನು ದಾಖಲಿಸದಿದ್ದರೆ ಪರಾಧೀನ ದೇಶದ ವಿಜ್ಞಾನಿಯೊಬ್ಬನ ಹೆಸರೇ ಮರೆತುಹೋಗಬಹುದೆಂದು ಅವರು ಅಂಜಿದರು. ಸೋದರಿ ನಿವೇದಿತಾ ಹಾಗೂ ಅಮೆರಿಕದ ಸಾರಾ ಬುಲ್ ಅವರ ಒತ್ತಾಯದಿಂದ 1901ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಲಾಯಿತು. 1904ರ ಮಾರ್ಚ್ 29ರಂದು ಅದು ಮಂಜೂರಾಯಿತು. ಅರೆವಾಹಕ ಸಾಧನವೊಂದಕ್ಕೆ ದೊರೆತ ಮೊದಲ ಪೇಟೆಂಟ್ ಎಂದು ಅದನ್ನು ಇತಿಹಾಸಕಾರರು ಎಣಿಸುತ್ತಾರೆ. ಬೋಸರು ಮಾತ್ರ ಅದರಿಂದ ಯಾವ ಲಾಭವನ್ನೂ ಪಡೆಯಲಿಲ್ಲ. ಹಕ್ಕು ತಾನಾಗಿ ಸಂದುಹೋಗಲು ಬಿಟ್ಟರು. ಲೋಕದ ರೂಢಿಯಲ್ಲಿ ಇದು ನಷ್ಟವೆಂದೇ ಲೆಕ್ಕ. ಹಿತೈಷಿಗಳ ಅಂಜಿಕೆಯೂ ಒಂದು ಮಟ್ಟಿಗೆ ನಿಜವಾಯಿತು. ರೇಡಿಯೋ ಚರಿತ್ರೆಯನ್ನು ಬರೆದ ಅನೇಕರು ಬಹುಕಾಲ ಬೋಸರನ್ನು ನೆನೆಯಲಿಲ್ಲ. ಆದರೆ ಅವರು ತೆರೆದಿಟ್ಟ ಜ್ಞಾನ ಎಲ್ಲರ ಕೈಗೂ ಸಿಕ್ಕುವಂತಾಯಿತು. ಅದೇ ಪೇಟೆಂಟ್ ಅವರಿಗೆ ಬೇಡವಾಗಿದ್ದರೂ ಮುಂದಿನವರಿಗೆ ಅವರ ಹಿರಿಮೆಯ ಸಾಕ್ಷಿಯಾಗಿ ಉಳಿಯಿತು.

ಇಷ್ಟರಲ್ಲಿ ಬೋಸರ ಮನಸ್ಸು ಮತ್ತೊಂದು ದಿಕ್ಕಿಗೆ ಹೊರಳಿತ್ತು. ಬಹಳ ಹೊತ್ತು ಕೆಲಸ ಮಾಡಿದ ಶೋಧಕ ಬಳಲಿದಂತಾಗಿ, ಬಿಡುವು ಕೊಟ್ಟರೆ ಚೇತರಿಸಿಕೊಳ್ಳುವುದನ್ನು ಅವರು ಕಂಡಿದ್ದರು. ಇದು ಜೀವಿಗಳ ಸ್ನಾಯುವಿನ ಬಳಲಿಕೆಯನ್ನು ಹೋಲುವುದೆಂಬ ಆಲೋಚನೆಯಿಂದ ಅವರು ಸಸ್ಯಗಳ ಸ್ಪಂದನದ ಅಧ್ಯಯನಕ್ಕೆ ತೊಡಗಿದರು. ಗಿಡದ ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಎಂಬ ಯಂತ್ರವನ್ನು ನಿರ್ಮಿಸಿದರು. ಅವರ ನಿರ್ಣಯಗಳಲ್ಲಿ ಕೆಲವನ್ನು ಅಂದಿನ ಶರೀರವಿಜ್ಞಾನಿಗಳು ವಿರೋಧಿಸಿದರು. ಕೆಲವು ಇಂದಿಗೂ ಚರ್ಚೆಯ ವಿಷಯಗಳೇ. ಆದರೆ ಅವರ ಉಪಕರಣಗಳ ಸೂಕ್ಷ್ಮತೆಯನ್ನು ವಿರೋಧಿಗಳೂ ಮೆಚ್ಚಿದರು.

1915ರಲ್ಲಿ ಬೋಸರು ಕಾಲೇಜಿನ ಸೇವೆಯಿಂದ ನಿವೃತ್ತರಾದರು. ತಾವು ಪಟ್ಟ ಪಾಡನ್ನು ಮುಂದಿನ ತರುಣರು ಪಡಬಾರದೆಂಬುದು ಅವರ ಬಹುದಿನದ ಹಂಬಲ. 1917ರ ನವೆಂಬರ್ 30ರಂದು ಕಲ್ಕತ್ತೆಯಲ್ಲಿ ಅವರು ಬಸು ವಿಜ್ಞಾನಮಂದಿರವನ್ನು ಸ್ಥಾಪಿಸಿ ದೇಶಕ್ಕೆ ಅರ್ಪಿಸಿದರು. ಅಲ್ಲಿ ನಡೆಯುವ ಶೋಧನೆಗಳಿಗೆ ಪೇಟೆಂಟ್ ಪಡೆಯಬಾರದು, ಅವು ಎಲ್ಲರಿಗೂ ಮುಕ್ತವಾಗಿರಬೇಕು ಎಂಬ ಆದರ್ಶವನ್ನು ಅವರು ಪ್ರಾರಂಭದ ದಿನವೇ ಸಾರಿದರು. ಅದೇ ವರ್ಷ ಅವರಿಗೆ ಸರ್ ಪದವಿ ದೊರೆಯಿತು. 1920ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1937ರ ನವೆಂಬರ್ 23ರಂದು, ಎಪ್ಪತ್ತೊಂಬತ್ತು ವರ್ಷ ತುಂಬಲು ಒಂದೇ ವಾರವಿರುವಾಗ, ಇಂದಿನ ಝಾರ್ಖಂಡಿಗೆ ಸೇರಿದ ಗಿರಿಡೀಹದಲ್ಲಿ ಅವರು ಕಾಲವಾದರು.

ಬೋಸರು ಬಿಟ್ಟುಹೋದ ಎಳೆಯನ್ನು ಕಾಲ ಕೈಬಿಡಲಿಲ್ಲ. 1920ರ ದಶಕದಲ್ಲಿ ಸಾಮಾನ್ಯ ಜನರು ಗೆಲೀನಾ ಹರಳು ಮತ್ತು ತೆಳುತಂತಿಗಳನ್ನು ಜೋಡಿಸಿ ಮನೆಮನೆಯಲ್ಲಿಯೂ ಅಗ್ಗದ ರೇಡಿಯೋಗಳನ್ನು ಮಾಡಿಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರಿನ ಚಿಕ್ಕ ಅಲೆಗಳನ್ನು ಅರಿಯಲು ನಿರ್ವಾತ ನಳಿಕೆಗಳು ಸಾಲದೆ ಬಂದಾಗ ವಿಜ್ಞಾನಿಗಳು ಮತ್ತೆ ಹರಳಿನ ಶೋಧಕಕ್ಕೇ ಮೊರೆಹೊಕ್ಕರು. ಆ ಅನುಭವದ ಬಲದಿಂದ 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಜರ್ಮೇನಿಯಮ್ ಹರಳಿನ ಮೇಲೆ ಲೋಹದ ಮೊನೆಗಳನ್ನು ತಾಗಿಸಿ ಮೊದಲ ಟ್ರಾನ್ಸಿಸ್ಟರನ್ನು ರೂಪಿಸಿದರು. ಅರೆವಾಹಕಗಳ ಚರಿತ್ರೆಯನ್ನು 1955ರಲ್ಲಿ ಬರೆದಾಗ ಬ್ರಾಟನ್ ಮತ್ತು ಅವರ ಸಹೋದ್ಯೋಗಿ, ಹರಳನ್ನು ರೇಡಿಯೋ ಅಲೆಗಳ ಶೋಧಕವಾಗಿ ಬಳಸಿದ ಮೊದಲಿಗರೆಂದು ಬೋಸರನ್ನು ಸ್ಮರಿಸಿದರು. ಬೋಸರ ಮಿಲಿಮೀಟರ್ ಅಲೆಗಳೂ ಮರಳಿ ಬಂದಿವೆ. ಭಾರತದಲ್ಲಿ 5ಜಿ ದೂರಸಂಪರ್ಕಕ್ಕಾಗಿ 2022ರಲ್ಲಿ ಹರಾಜು ಹಾಕಿದ ಅಲೆಗಳಲ್ಲಿ 26 ಗಿಗಾಹರ್ಟ್ಸ್ ಶ್ರೇಣಿಯೂ ಸೇರಿತ್ತು. ಅದರ ತರಂಗದೂರ 11 ಮಿಲಿಮೀಟರಿಗಿಂತ ತುಸು ಹೆಚ್ಚು. ಬೋಸರು ತಮ್ಮ ಪುಟ್ಟ ಕೋಣೆಯಲ್ಲಿ ಹುಟ್ಟಿಸಿದ ಅಲೆಗಳ ಎಲ್ಲೆಯೊಳಗೇ ಅದು ಬರುತ್ತದೆ. 2012ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ಮತ್ತು ಇಲೆಕ್ಟ್ರಾನಿಕ್ಸ್ ತಂತ್ರಜ್ಞರ ಸಂಸ್ಥೆಯಾದ ಐಇಇಇ, ಬೋಸರ ಆ ಪ್ರಯೋಗಗಳನ್ನು ಚರಿತ್ರೆಯ ಮೈಲಿಗಲ್ಲೆಂದು ಸಾರಿತು.

ಅನ್ಯಾಯದ ಸಂಬಳವನ್ನು ಮುಟ್ಟದ ಕೈ, ನ್ಯಾಯವಾಗಿ ಬರಬಹುದಾಗಿದ್ದ ಸಂಪತ್ತಿಗೂ ಚಾಚಲಿಲ್ಲ. ಮೊದಲನೆಯದು ಸ್ವಾಭಿಮಾನ, ಎರಡನೆಯದು ತ್ಯಾಗ. ಸಲಕರಣೆಯಿಲ್ಲವೆಂದು ಕೈಕಟ್ಟಿ ಕುಳಿತವರಿಗೆ ಸೆಣಬಿನ ನಾರು, ವೇಳಾಪಟ್ಟಿಯ ಪುಸ್ತಕ, ಅದಿರಿನ ತುಣುಕು ಏನನ್ನೂ ಹೇಳುವುದಿಲ್ಲ. ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡುವವರಿಗೆ ಅವೇ ಉಪಕರಣಗಳಾಗುತ್ತವೆ. ಜಗದೀಶಚಂದ್ರ ಬೋಸರ ಬಾಳು ಇದಕ್ಕೆ ನಿದರ್ಶನ.